ಐದಕ್ಕೆ ಕಟ್ಟಿದ ಹೊಳೆ ಲೆಕ್ಕ

ನಮ್ಮೂರಿನಲ್ಲಿ ಬೀದಿಗಳನ್ನು ಸೊನ್ನೆಯಿಂದ ಎಣಿಸುತ್ತಾರೆ. ಸೊನ್ನೆ ಬೀದಿ, ಒಂದನೇ ಬೀದಿ, ಎರಡನೇ ಬೀದಿ, ಹೀಗೆ ಏಳರವರೆಗೆ. ಯಂತ್ರದ ಮನೆಯಲ್ಲಿರುವ ಯುನಿಕ್ಸ್ ಸರ್ವರ್, ಎಂದರೆ ಊರಿನ ಕೆಲಸಗಳನ್ನೆಲ್ಲ ನಡೆಸುವ ದೊಡ್ಡ ಕಂಪ್ಯೂಟರು, ಲೆಕ್ಕ ಮಾಡುವ ತನ್ನ ಪ್ರೊಸೆಸರುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಆದ್ದರಿಂದ ನಾವೂ ಹಾಗೇ. ಯಾವ ಪ್ರೊಸೆಸರಿಗೆ ಕೆಲಸ ಬೀಳುತ್ತದೋ ಆ ನಂಬರಿನ ಬೀದಿಯವರಿಗೆ ಸುಸ್ತಾಗುತ್ತದೆ. ಕೆಲಸ ಮುಗಿದರೆ ಸುಸ್ತೂ ಇಳಿಯುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಇದು ಹೀಗೇ ಇದೆ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರುಗಳು ಮೊದಮೊದಲು ಯಾಕೆ, ಹೇಗೆ ಎಂದು ಕೇಳುತ್ತಾರೆ. ಆಮೇಲೆ ಅವರೂ ಮಧ್ಯಾಹ್ನ ಯಾವ ಬೀದಿಗೆ ಭಾರ ಎಂದು ವಿಚಾರಿಸಿಕೊಂಡು ಪಾಠ ಹಂಚಿಕೊಳ್ಳುತ್ತಾರೆ.

ಯಾರು ಯಾವ ಬೀದಿಗೆ ಸೇರಿದವರು ಎನ್ನುವುದು ಅವರ ಒಲೆಯ ಮೇಲೆ ನಿಂತಿದೆ. ನಿಮ್ಮ ಒಲೆ ಎಲ್ಲಿ ಉರಿಯುತ್ತದೋ ಅದು ನಿಮ್ಮ ಬೀದಿ. ಒಲೆ ಬದಲಾಯಿಸಿದರೂ ಒಂದು ಮಳೆಗಾಲ ಕಳೆಯುವವರೆಗೆ ಹಳೆಯ ಬೀದಿಯ ಸುಸ್ತು ಬಿಡುವುದಿಲ್ಲ. ನೆಂಟರ ಮನೆಗೆ ಹೋಗಿ ಕೂತರೂ ಅದು ಹಿಂದೆಯೇ ಬರುತ್ತದೆ.

ನಾನು ಸುಲೋಚನ. ಯಂತ್ರದ ಮನೆಯಲ್ಲಿ ಬಹಳ ಕಾಲ ಕೆಲಸ ಮಾಡಿದೆ. ನಾನು ಸೇರಿದಾಗ ಯಾವ ಕೆಲಸವನ್ನೂ ಯಾವ ಪ್ರೊಸೆಸರಿಗೂ ಕಟ್ಟಿರಲಿಲ್ಲ. ಯಾವುದು ಬಿಡುವಾಗಿದೆಯೋ ಅದರ ಮೇಲೆ ಯಂತ್ರವೇ ಕೆಲಸ ಹಾಕುತ್ತಿತ್ತು, ಮನಸ್ಸಾದರೆ ಅರ್ಧದಲ್ಲೇ ಎತ್ತಿ ಇನ್ನೊಂದರ ಮೇಲೆ ಇಡುತ್ತಿತ್ತು. ಅದಕ್ಕೆ ಅದು ನ್ಯಾಯವೇ. ಆದರೆ ಸಾರುವೆಯ ಮೇಲೆ ನಿಂತ ಗಾರೆಯವನು ಇದ್ದಕ್ಕಿದ್ದಂತೆ ಮಂಪರು ಬಂದು ಕೆಳಗೆ ಬೀಳುತ್ತಿದ್ದ. ಕ್ಷೌರದಂಗಡಿಯಲ್ಲಿ ಕತ್ತಿ ಜಾರುತ್ತಿತ್ತು. ಹಾಲು ಕಾಯಿಸಲು ಇಟ್ಟ ಹೆಂಗಸು ಹಾಗೇ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು, ಹಾಲು ಉಕ್ಕಿ ಒಲೆ ಆರುತ್ತಿತ್ತು. ಜನ ಬೇಸತ್ತು ಪುರಸಭೆಯ ಮುಂದೆ ಕೂತರು. ಸುಸ್ತು ಬಂದರೆ ಬರಲಿ, ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಿರಲಿ ಎಂದರು. ಆಗ ನಮ್ಮ ಮೇಲ್ವಿಚಾರಕರಾದ ಸೀತಾಪತಿಗಳು ಕೆಲಸಗಳನ್ನು ಕಟ್ಟಲು ಶುರುಮಾಡಿದರು. ಅದೇನು ದೊಡ್ಡ ವಿದ್ಯೆಯಲ್ಲ. ಕೆಲಸದ ನಂಬರು, ಪ್ರೊಸೆಸರಿನ ನಂಬರು, ಒಂದು ಸಾಲಿನ ಕಮಾಂಡು. ನೀರಿನ ಪಂಪುಗಳು ಎರಡನೆಯದಕ್ಕೆ, ರೇಷನ್ ಲೆಕ್ಕ ನಾಲ್ಕನೆಯದಕ್ಕೆ, ಶಾಲೆಯ ಅಂಕಗಳು ಮೂರಕ್ಕೆ. ಸೊನ್ನೆಗೆ ಯಾವುದನ್ನೂ ಕಟ್ಟುವ ಅಗತ್ಯವಿರಲಿಲ್ಲ. ಯಂತ್ರ ತನ್ನ ಮನೆಗೆಲಸವನ್ನೆಲ್ಲ ತಾನೇ ಸೊನ್ನೆಯ ಮೇಲೆ ಹಾಕಿಕೊಳ್ಳುತ್ತದೆ. ಅದಕ್ಕೇ ಸೊನ್ನೆ ಬೀದಿಯವರು ಇವತ್ತಿಗೂ ಯಾವಾಗಲೂ ಅರ್ಧ ಆಕಳಿಸುತ್ತಾ ಮಾತಾಡುತ್ತಾರೆ. ಊರಿನ ಒಳ್ಳೆಯ ಚಹದಂಗಡಿಗಳೆಲ್ಲ ಅಲ್ಲೇ ಇವೆ.

ಉಳಿದದ್ದು ಹೊಳೆ ಲೆಕ್ಕ. ಮೇಲಿನ ಬೆಟ್ಟಗಳಲ್ಲಿ ಬಿದ್ದ ಮಳೆಯ ಅಳತೆ ತೆಗೆದುಕೊಂಡು ನಮ್ಮ ಸೇತುವೆಯ ಹತ್ತಿರ ನೀರು ಎಷ್ಟು ಏರುತ್ತದೆ ಎಂದು ಮುಂಚೆಯೇ ಹೇಳುವ ಲೆಕ್ಕ ಅದು. ಮಳೆಗಾಲ ಪೂರ್ತಿ ಒಂದೇ ಸಮನೆ ಓಡಬೇಕು. ಅದರಷ್ಟು ಭಾರದ ಕೆಲಸ ಇನ್ನೊಂದಿಲ್ಲ. ಅದನ್ನು ಅಲೆಯಲು ಬಿಟ್ಟರೆ ಒಂದು ಪ್ರೊಸೆಸರಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಹೊಸ ಮನೆಗೆ ಬಂದವರು ಪಾತ್ರೆಪಗಡೆ ಹುಡುಕಿಕೊಂಡ ಹಾಗೆ ತನ್ನದನ್ನೆಲ್ಲ ಮತ್ತೆ ಕೂಡಿಸಿಕೊಳ್ಳುತ್ತಾ ತಡ ಮಾಡುತ್ತಿತ್ತು. ಒಂದು ವರ್ಷ ಹಾಗೆ ತಡವಾಗಿ ಹೊಳೆದಂಡೆಯ ಗುಡಿಸಲುಗಳು ಹೋದವು. ಜೀವಗಳೂ ಹೋದವು. ಆಮೇಲೆ ಅದನ್ನು ಐದಕ್ಕೆ ಕಟ್ಟಿದರು.

ಐದನೇ ಬೀದಿಯಲ್ಲಿ ಹಗ್ಗ ಹೊಸೆಯುವವರಿದ್ದಾರೆ. ಪುರಸಭೆಯಲ್ಲಿ ಅವರ ಪರ ಮಾತಾಡುವವರು ಯಾರೂ ಇರಲಿಲ್ಲ, ಅಷ್ಟೇ ಕಾರಣ. ಅನುಕೂಲವಿದ್ದವರು ಬೇರೆ ಬೀದಿಗೆ ಒಲೆ ಬದಲಾಯಿಸಿಕೊಂಡರು, ಬಾಡಿಗೆ ಇಳಿಯಿತು, ಕೈಲಾಗದವರು ಬಂದು ಸೇರಿದರು. ಬೇಸಿಗೆಯಲ್ಲಿ ಆ ಬೀದಿಯ ಗದ್ದಲ ನೋಡಬೇಕು. ಮಳೆ ಹಿಡಿದರೆ ಮಾತೇ ನಿಂತುಹೋಗುತ್ತಿತ್ತು. ಹೆಂಗಸರು ಅಕ್ಕಿ ತೊಳೆಯುವಾಗ ನಡುವೆ ಸುಧಾರಿಸಿಕೊಳ್ಳುತ್ತಿದ್ದರು. ಗಂಡಸರು ಹಗ್ಗದ ತುದಿ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದರು.

ಏಳನೇ ಬೀದಿಯ ಕಥೆ ಬೇರೆ. ಏಳನೆಯ ಪ್ರೊಸೆಸರಿಗೆ ಯಾವ ಕೆಲಸವೂ ಹೋಗದಂತೆ ಸೀತಾಪತಿಗಳು ಬೇಲಿ ಹಾಕಿದ್ದರು. ಡಾಕ್ಟರು, ಬಸ್ಸಿನ ಡ್ರೈವರುಗಳು, ದೋಣಿಯವರು, ಯಂತ್ರದ ಮನೆಯವರು ಎಚ್ಚರವಾಗಿರಲೇಬೇಕಲ್ಲ, ಅವರ ಒಲೆಗಳು ಅಲ್ಲಿರಲಿ ಎಂದು. ಯೋಚನೆ ಸರಿಯೇ ಇತ್ತು. ಆದರೆ ಪುರಸಭೆಯ ಅಧ್ಯಕ್ಷರು ತಾವೂ ಎಚ್ಚರವಾಗಿರಬೇಕಾದವರೇ ಎಂದು ಬಂದರು. ಅವರ ಬೀಗರು ಬಂದರು. ಬಂಗಾರದಂಗಡಿಯವರು ಬಂದರು. ಕೊನೆಗೆ ಇನ್ನು ಹೊಸ ಒಲೆ ಹಚ್ಚುವಂತಿಲ್ಲ ಎಂದು ನಿಯಮ ಮಾಡಿದರು. ಏಳನೇ ಬೀದಿಯವರನ್ನು ಸಂತೆಯಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಅವರ ಕಣ್ಣಿನ ಕೆಳಗೆ ಕಪ್ಪೇ ಇರುತ್ತಿರಲಿಲ್ಲ.

ಕೆಲಸದ ಕಾರಣಕ್ಕೆ ನನಗೂ ಅಲ್ಲಿ ಒಂದು ಮನೆ ಸಿಕ್ಕಿತ್ತು. ನನ್ನ ತಂಗಿ ಮಂದಾಕಿನಿಯನ್ನು ಐದನೇ ಬೀದಿಯ ತಿಪ್ಪೇಶನಿಗೆ ಕೊಟ್ಟಿತ್ತು. ಅವನು ಹಗ್ಗದವನು, ಒಳ್ಳೆಯವನು. ಮಂದಾ ನನಗಿಂತ ಎಷ್ಟೋ ಚಿಕ್ಕವಳು. ನಾವಿಬ್ಬರೂ ಒಟ್ಟಿಗೆ ನಡೆದು ಹೋದರೆ ಗೊತ್ತಿಲ್ಲದವರು ಅವಳನ್ನು ನನ್ನ ಅಕ್ಕ ಎಂದುಕೊಳ್ಳುತ್ತಿದ್ದರು. ಅವಳು ನಕ್ಕುಬಿಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಮಂದಾ ಬಸುರಿಯಾದಳು. ಲೆಕ್ಕ ಹಾಕಿದರೆ ದಿನ ತುಂಬುವುದು ನಡು ಮಳೆಗಾಲಕ್ಕೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಐದನೇ ಬೀದಿಯ ಹೆಂಗಸರು ಮಳೆಗಾಲದ ಹೆರಿಗೆಗಳನ್ನು ಕಂಡವರು. ಅವರು ಅವಳಿಗೆ ತುಪ್ಪ, ಖರ್ಜೂರ, ಎಳ್ಳುಂಡೆ ತಂದು ಕೊಟ್ಟು ತಲೆ ಸವರಿ ಹೋಗುತ್ತಿದ್ದರು.

ನೋವು ಶುರುವಾದದ್ದು ಸಂತೆಯ ದಿನ. ಬೆಟ್ಟದಲ್ಲಿ ಜೋರು ಮಳೆ, ಊರಿನಲ್ಲಿ ಬರೀ ಜಿನುಗು. ಆಸ್ಪತ್ರೆ ಹೊಳೆಯ ಆಚೆಗಿದೆ. ತಗ್ಗಿನ ಸೇತುವೆಗೆ ನೀರು ಸೋಕುತ್ತಿದ್ದುದರಿಂದ ಬೆಳಿಗ್ಗೆಯೇ ಗಾಡಿಗಳನ್ನು ನಿಲ್ಲಿಸಿದ್ದರು. ನನಗೆ ರಜೆಯಿತ್ತು. ನಾನು ಹೋಗುವ ಹೊತ್ತಿಗೆ ನರ್ಸ್ ಫಿಲೋಮಿನಮ್ಮ ಬಂದು ಸೆರಗು ಸಿಕ್ಕಿಸಿ ಕೂತಿದ್ದರು. ಅವರದು ಎರಡನೇ ಬೀದಿ. ಮಂದಾ ಚಾಪೆಯ ಮೇಲೆ ಮಲಗಿದ್ದಳು. ನೋವು ಬಂದಾಗ ಮುಖ ಕಿವುಚುತ್ತಿದ್ದಳು, ಅದು ಇಳಿಯುವ ಮೊದಲೇ ನಿದ್ದೆ ಹೋಗುತ್ತಿದ್ದಳು. ಫಿಲೋಮಿನಮ್ಮ ಕೆನ್ನೆ ತಟ್ಟಿ, "ತಿಣುಕು ತಾಯಿ, ತಿಣುಕು" ಎಂದರೆ ಕಣ್ಣು ತೆರೆದು, "ಹೂಂ, ಸ್ವಲ್ಪ ಹೊತ್ತು" ಎಂದು ಮತ್ತೆ ಮುಚ್ಚುತ್ತಿದ್ದಳು.

ಫಿಲೋಮಿನಮ್ಮ ನನ್ನನ್ನು ಹೊರಗೆ ಕರೆದರು. "ನೋಡಿ ಸುಲೋಚನಮ್ಮ, ಮಗು ಸರಿಯಾಗೇ ಇದೆ. ಇವಳಿಗೆ ತ್ರಾಣವಿಲ್ಲ. ಎದುರು ಮನೆಯ ಚಿನ್ನಮ್ಮ ಹೋದ ವರ್ಷ ಹೀಗೇ ಹೋಗಿದ್ದು. ನಾನೇ ಇದ್ದೆ."

"ಏನು ಮಾಡಬಹುದು?"

"ನಾನೇನು ಮಾಡಲಿ? ಮಾಡಬಹುದಾದ ಕೆಲಸ ನಿಮ್ಮ ಕೈಯಲ್ಲಿದೆ" ಎಂದು ಅವರು ಒಳಗೆ ಹೋದರು.

ತಿಪ್ಪೇಶ ಜಗುಲಿಯ ಕಂಬ ಹಿಡಿದು ನಿಂತಿದ್ದ. ಹಿಡಿಯದಿದ್ದರೆ ಬೀಳುತ್ತಿದ್ದ. ನಾನು ಅವನ ಭುಜ ಅಲ್ಲಾಡಿಸಿ ಹೇಳಿದೆ, "ತಿಪ್ಪೇಶ, ಕೇಳಿಸ್ಕೋ. ಇನ್ನು ಸ್ವಲ್ಪ ಹೊತ್ತಿಗೆ ಭಾರ ಇಳಿಯುತ್ತೆ. ಇಳಿದ ತಕ್ಷಣ ನಾಲ್ಕು ಜನರನ್ನು ಕಟ್ಟಿಕೊಂಡು ಯಂತ್ರದ ಮನೆಗೆ ಓಡಿ ಬಾ. ನಮಗೆ ಅಲ್ಲಿ ನಿಲ್ಲೋಕಾಗಲ್ಲ."

"ಮಂದಾನ ಬಿಟ್ಟಾ ಅಕ್ಕಾ?"

"ಇಲ್ಲಿ ನಿನಗೇನು ಕೆಲಸ? ಫಿಲೋಮಿನಮ್ಮ ಇದಾರೆ. ನೀನು ಬಾ."

ಯಂತ್ರದ ಮನೆಯಲ್ಲಿ ಸೀತಾಪತಿಗಳು ಒಬ್ಬರೇ ಇದ್ದರು. ಪರದೆಯ ಮೇಲೆ ಹೊಳೆಯ ಅಂಕಿ ನಿಧಾನವಾಗಿ ಏರುತ್ತಿತ್ತು. ಕೆಂಪು ಗೆರೆಗೆ ಇನ್ನೂ ದೂರವಿತ್ತು. ಗೆರೆ ದಾಟಿದರೆ ಸೈರನ್ ಕೂಗಿಸಬೇಕು, ಹೊಳೆದಂಡೆಯ ಸಂತೆಮಾಳ ಖಾಲಿಯಾಗಬೇಕು. ನಾನು ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಿಗೆ ಹಾಕ್ತೀರಿ? ಆರರಲ್ಲಿ ಮರ ಕೊಯ್ಯೋ ಮಿಲ್ ನಡೀತಿದೆ. ಮೂರರ ಹುಡುಗರು ಶಾಲೆಯಿಂದ ಕಾಲುವೆ ದಾಟಿ ಬರ್ತಿರ್ತಾರೆ. ಎಲ್ಲಿಗೆ ಹಾಕಿದ್ರೂ ಯಾರೋ ಒಬ್ಬರು ಏಣಿ ಮೇಲಿರ್ತಾರಮ್ಮ."

"ಏಳಕ್ಕೆ ಹಾಕ್ತೀನಿ ಸಾರ್."

ಅವರು ನನ್ನನ್ನೇ ನೋಡಿದರು. "ಏಳಕ್ಕೆ ಅಂದ್ರೆ ನಮಗೆ. ನಾವಿಬ್ಬರೂ ಮಲಗಿಬಿಟ್ರೆ ಹೊಳೆ ನೋಡೋರು ಯಾರು?"

"ಐದನೇ ಬೀದಿಯವರು ಬರ್ತಾರೆ."

"ಅವರಿಗೇನು ಗೊತ್ತು?"

"ಅಂಕಿ ಓದೋಕೆ ಬರುತ್ತೆ. ಸೈರನ್ ತಿರುಗಿಸೋಕೆ ಕೈ ಇದೆ. ಇನ್ನೇನು ಬೇಕು?"

ಸೀತಾಪತಿಗಳು ಎದ್ದು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಆಮೇಲೆ ಧ್ವನಿವರ್ಧಕ ಹಚ್ಚಿ ಏಳನೇ ಬೀದಿಗೆ ತಾವೇ ಹೇಳಿದರು: "ಬೀದಿಯ ಮೇಲೆ ಭಾರ ಬರುತ್ತಿದೆ. ಎಲ್ಲರೂ ಒಲೆ ಆರಿಸಿ. ಗಾಡಿ ನಿಲ್ಲಿಸಿ. ದೋಣಿ ದಡಕ್ಕೆ ತನ್ನಿ. ಎತ್ತರದಲ್ಲಿ ಇರೋರು ಕೆಳಗಿಳಿದು ಕೂತ್ಕೊಳಿ." ಮತ್ತೆ ಮತ್ತೆ ಹೇಳಿದರು. ಅವರ ಹೆಂಡತಿ ಅನಸೂಯಮ್ಮನಿಗೆ ಕಿವಿ ಸ್ವಲ್ಪ ಮಂದ. ಮನೆಗೆ ಫೋನ್ ಹಚ್ಚಿದರು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. "ಎತ್ತಲಿಲ್ಲ" ಎಂದರು. "ಮಲಗಿರಬೇಕು ಬಿಡಿ." ನಾನು ಅವರ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಹಾಕಿ" ಎಂದರು.

ನಾನು ಬೇಲಿ ತೆಗೆದೆ. ಹೊಳೆ ಲೆಕ್ಕದ ನಂಬರು ಹೊಡೆದು, ಐದು ಇದ್ದ ಕಡೆ ಏಳು ಹೊಡೆದೆ.

ಮೊದಲು ಏನೂ ಆಗಲಿಲ್ಲ. ಪರದೆಯ ಅಂಕಿ ಮಾತ್ರ ನಿಂತುಹೋಯಿತು. ಲೆಕ್ಕ ಹೊಸ ಜಾಗದಲ್ಲಿ ತನ್ನದನ್ನೆಲ್ಲ ಕೂಡಿಸಿಕೊಳ್ಳುತ್ತಿತ್ತು. ಆಮೇಲೆ ಅದು ಬಂತು. ಕಣ್ಣಿಗೆ ಬರುತ್ತದೆ ಎಂದುಕೊಂಡಿದ್ದೆ, ಮೊಣಕೈಗೆ ಬಂತು. ಕೀಲಿಮಣೆಯ ಮೇಲಿಂದ ಕೈ ತೆಗೆಯಬೇಕು ಎಂದುಕೊಂಡೆ, ತೆಗೆಯುವುದು ದೊಡ್ಡ ಕೆಲಸವೆನ್ನಿಸಿ ಬಿಟ್ಟೆ. ಕತ್ತು, ಬೆನ್ನು, ದವಡೆ, ಒಂದೊಂದಾಗಿ ಕೆಳಗೆ ಎಳೆಯತೊಡಗಿದವು. ನಾಲಿಗೆಯೂ ಭಾರವಾಗಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಷ್ಟು ಹೊತ್ತುಕೊಂಡೇ ಮಂದಾ ನನಗೆ ಹಬ್ಬಕ್ಕೆ ಹೋಳಿಗೆ ಮಾಡಿ ಕಳಿಸುತ್ತಿದ್ದಳು. ಆ ಯೋಚನೆ ಬಂದದ್ದು ನೆನಪಿದೆ. ಅದನ್ನು ಪೂರ್ತಿ ಯೋಚಿಸುವಷ್ಟು ಶಕ್ತಿ ಇರಲಿಲ್ಲ.

ಸೀತಾಪತಿಗಳು ನೆಲದ ಮೇಲೆ ಕೂತು ಕೊಡದ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದರು. "ಅಂಕಿ ಓಡ್ತಿದೆಯಾ?" ಎಂದು ಕೇಳಿದರು. ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅವರು ಕೇಳುವುದನ್ನು ನಿಲ್ಲಿಸಿದರು. ಆಮೇಲೆ ನಾನೂ ಓದುವುದನ್ನು ನಿಲ್ಲಿಸಿರಬೇಕು.

ಯಾರೋ ನನ್ನ ಭುಜ ಹಿಡಿದು ಜಗ್ಗುತ್ತಿದ್ದರು. ತಿಪ್ಪೇಶ. ಅವನ ಹಿಂದೆ ಐದನೇ ಬೀದಿಯ ಗಂಡಸರು, ಒಬ್ಬಿಬ್ಬರು ಹೆಂಗಸರು. ಅವರ ಮುಖಗಳನ್ನು ಮಳೆಗಾಲದಲ್ಲಿ ನಾನು ಹಾಗೆ ನೋಡಿದವಳೇ ಅಲ್ಲ. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು ಬಂದವರ ಹಾಗಿದ್ದರು.

"ಅಕ್ಕಾ, ಗೆರೆ ಹತ್ರ ಬಂದಿದೆ. ಇದೇ ತಾನೇ ಕೆಂಪು ಗೆರೆ?"

ನಾನು ತಲೆಯಾಡಿಸಿದೆ. "ಮಂದಾ?"

"ಗೊತ್ತಿಲ್ಲ. ನೀವು ಹೇಳಿದ್ದಕ್ಕೆ ಬಂದೆ. ನಾನು ಹೊರಡೋವಾಗ ಕೂಗ್ತಾ ಇದ್ಲು. ಜೋರಾಗಿ." ಅವನ ದನಿಯಲ್ಲಿ ಭಯವೂ ಇತ್ತು, ಹಿಗ್ಗೂ ಇತ್ತು. "ಬೆಳಿಗ್ಗೆಯಿಂದ ಒಂದ್ಸಲಾನೂ ಕೂಗಿರಲಿಲ್ಲ ಅಕ್ಕಾ."

ಹೆಂಗಸರು ಪರದೆಯ ಮುಂದೆ ನಿಂತು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾ ಹೋದರು. ಗೆರೆ ದಾಟಿದ ಕೂಡಲೇ ತಿಪ್ಪೇಶ ವೆರಾಂಡದಲ್ಲಿದ್ದ ಕೈಸೈರನ್ನಿನ ಹಿಡಿ ತಿರುಗಿಸತೊಡಗಿದ. ಅದು ಮೊದಲು ಕೆಮ್ಮಿ, ಆಮೇಲೆ ಊರೆಲ್ಲ ತುಂಬುವ ಹಾಗೆ ಕೂಗಿತು. ಉಳಿದವರು ಸಂತೆಮಾಳಕ್ಕೆ ಓಡಿದರು. ಅಲ್ಲಿ ಕುರಿಗಳನ್ನು ಬಿಟ್ಟು ಬರಲು ಒಪ್ಪದವರನ್ನು ಕುರಿಗಳ ಸಮೇತ ಎತ್ತಿಕೊಂಡು ಬಂದರಂತೆ. ಹೊಸ ಹಗ್ಗಗಳನ್ನು ಮರದಿಂದ ಮರಕ್ಕೆ ಬಿಗಿದು ಜನರನ್ನು ದಿಬ್ಬಕ್ಕೆ ಹತ್ತಿಸಿದರಂತೆ. ನಾನು ಇದೊಂದನ್ನೂ ನೋಡಲಿಲ್ಲ. ಗೋಡೆಗೊರಗಿ ತಿಪ್ಪೇಶನ ಬೆನ್ನನ್ನು ಮಾತ್ರ ನೋಡುತ್ತಿದ್ದೆ. ಹೆಂಡತಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಅವನು ಆ ಹಿಡಿಯನ್ನು ತಿರುಗಿಸುತ್ತಲೇ ಇದ್ದ. ಒಂದು ಸಲವೂ ನಿಲ್ಲಿಸಲಿಲ್ಲ.

ಪಕ್ಕದ ಮನೆಯಾಕೆ ಓಡಿ ಬಂದು ಮೆಟ್ಟಿಲಿನಿಂದಲೇ ಕೂಗಿ ಹೇಳಿದಳು. "ಹೆಣ್ಣು ಕಣೋ ತಿಪ್ಪೇಶ! ಇಬ್ಬರೂ ಚೆನ್ನಾಗಿದಾರೆ." ಅವನು ಹಿಡಿಯ ಮೇಲೆಯೇ ತಲೆಯಿಟ್ಟು ಅತ್ತ. ಸೈರನ್ ದನಿ ಇಳಿಯುತ್ತಾ ಇಳಿಯುತ್ತಾ ನಿಂತಿತು. ಆಮೇಲೆ ಅವನೇ ತಲೆಯೆತ್ತಿ, "ಇನ್ನೂ ಜನ ಏರ್ತಾ ಇದಾರೆ" ಎಂದು ಮತ್ತೆ ತಿರುಗಿಸಿದ.

ಸಂತೆಮಾಳ ಪೂರ್ತಿ ಮುಳುಗಿತು. ಜನ ಉಳಿದರು. ಸಂಜೆಗೆ ಮುಂಚೆ ನೀರು ಇಳಿಮುಖವಾಯಿತು. ಅಷ್ಟರಲ್ಲಿ ಅಧ್ಯಕ್ಷರ ಕಡೆಯವರು ತೂರಾಡುತ್ತಾ ಬಂದು ಬಾಗಿಲಲ್ಲಿ ನಿಂತರು. ಸೀತಾಪತಿಗಳು ನೆಲದಿಂದ ಎದ್ದು ಲೆಕ್ಕವನ್ನು ಮತ್ತೆ ಐದಕ್ಕೆ ಕಟ್ಟಿದರು. ಮಾತಿನ ನಡುವೆ ನಗುತ್ತಿದ್ದ ಐದನೇ ಬೀದಿಯವರ ಮುಖಗಳು ಒಂದೊಂದಾಗಿ ಕೆಳಗಿಳಿದವು. ಯಾರೂ ಜಗಳ ಮಾಡಲಿಲ್ಲ. ಗೋಡೆ ಹಿಡಿದುಕೊಂಡು ಮನೆಗೆ ಹೋದರು. ಸೀತಾಪತಿಗಳು ಮನೆಗೆ ಹೋದಾಗ ಅನಸೂಯಮ್ಮ ಅಟ್ಟದ ಏಣಿಯ ಬುಡದಲ್ಲಿ ಬಿದ್ದಿದ್ದರು. ಹಪ್ಪಳದ ಡಬ್ಬ ತರಲು ಅಟ್ಟ ಹತ್ತಿದ್ದರಂತೆ. ಸೊಂಟದ ಮೂಳೆ ಮುರಿದಿತ್ತು.

ನನ್ನನ್ನು ಕೆಲಸದಿಂದ ತೆಗೆದರು. ಅದಕ್ಕೆ ನಾನು ತಯಾರಾಗಿಯೇ ಇದ್ದೆ. ಮನೆ ಬಿಡಿ ಎಂದರು, ಬಿಟ್ಟೆ. ಮಂದಾಳ ಮನೆಯ ಪಕ್ಕದಲ್ಲಿ ಒಂದು ಕೋಣೆ ಹಿಡಿದು ಒಲೆ ಹಚ್ಚಿದೆ. ಆದರೆ ಅನಸೂಯಮ್ಮನ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವರ ಮನೆಯ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿ ಬಂದಿದ್ದೆ. ಕೊನೆಗೊಂದು ದಿನ ಒಳಗೆ ಹೋದೆ. ಅವರು ಮಂಚದ ಮೇಲೆ ದಿಂಬಿಗೊರಗಿ ಅವರೆಕಾಯಿ ಸುಲಿಯುತ್ತಿದ್ದರು.

"ಕೂತ್ಕೊಳೇ" ಎಂದರು. ನಾನು ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಅವರಿಗೆ ಕೇಳಿಸಬೇಕೆಂದರೆ ಗಟ್ಟಿಯಾಗಿ ಹೇಳಬೇಕು. ಕ್ಷಮೆಯನ್ನು ಕೂಗಿ ಕೇಳುವುದು ಹೇಗೆ? ಅವರೇ ಮಾತು ತೆಗೆದರು.

"ಏಣಿಯಿಂದ ಜಾರಿದೆನಲ್ಲ, ಬಿದ್ದಿದ್ದು ನೋವಾಗಲಿಲ್ಲ ಕಣೆ. ಏಳೋಕೆ ಮನಸ್ಸೇ ಬರಲಿಲ್ಲ. ಸತ್ತೇಹೋದೆ ಅಂದ್ಕೊಂಡೆ. ಅಬ್ಬಾ. ಐದನೇ ಬೀದಿಯೋರಿಗೆ ದಿನಾ ಹಂಗೇ ಆಗುತ್ತಾ?"

"ಮಳೆಗಾಲ ಪೂರ್ತಿ" ಎಂದೆ, ಗಟ್ಟಿಯಾಗಿ.

"ಹಂಗಿದ್ದೇ ಅಡುಗೆ ಮಾಡ್ತಾರಾ?"

"ಮಾಡ್ತಾರೆ. ಹಗ್ಗಾನೂ ಹೊಸೀತಾರೆ."

ಅವರು ಸುಲಿದ ಕಾಳನ್ನು ಬೋಗುಣಿಗೆ ಸುರಿದರು. "ನಿನ್ನ ಮೇಲೆ ನಂಗೆ ಸಿಟ್ಟಿದೆ" ಎಂದರು. "ನಮ್ಮೋರ ಮೇಲೆ ಇನ್ನೂ ಜಾಸ್ತಿ ಇದೆ. ಫೋನ್ ಎತ್ತಲಿಲ್ಲ ಅಂದ್ರೆ ಬಂದು ನೋಡಬಾರದಾಗಿತ್ತಾ? ಆದ್ರೂ ನಾನು ಹೆಂಗೂ ಮಂಚದ ಮೇಲೇ ಇರೋಳು. ಸುಸ್ತಾದ್ರೆ ನಂಗೇನು?"

ಅವರು ಏನು ಹೇಳುತ್ತಿದ್ದಾರೆ ಎಂದು ಆಗ ನನಗೆ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು. ಅವರು ಏಳನೇ ಬೀದಿಯ ಹೆಂಗಸರನ್ನು ಒಬ್ಬೊಬ್ಬರಾಗಿ ತಮ್ಮ ಮಂಚದ ಹತ್ತಿರ ಕರೆಸಿಕೊಂಡು, ವಾರಕ್ಕೊಂದು ದಿನ ಹೊಳೆಯ ಭಾರ ನಾವೂ ಹೊರೋಣ ಎಂದರು. ಕಿವಿ ಕೇಳಿಸದವರ ಹತ್ತಿರ ವಾದ ಮಾಡುವುದು ಕಷ್ಟ. ಬಂದವರು ಹೂಂ ಎಂದು ಎದ್ದು ಹೋಗುತ್ತಿದ್ದರು. ಮಗುವನ್ನು ನೋಡಲು ಬಂದ ನಾಲ್ಕನೇ ಬೀದಿಯ ಗಾಣದ ಹೆಂಗಸರು, ನಮಗೂ ಒಂದು ದಿನ ಕೊಡಿ ಎಂದು ತಾವಾಗಿಯೇ ಕೇಳಿದ್ದೂ ಆಗಲೇ. ಪುರಸಭೆಯಲ್ಲಿ ಗಲಾಟೆಯಾಯಿತು. ಲೆಕ್ಕವನ್ನು ಅಲ್ಲಾಡಿಸಿದರೆ ತಡವಾಗುತ್ತದೆ ಎಂದರು ಅಧ್ಯಕ್ಷರು. ತಡವಾಗುವುದು ಸ್ವಲ್ಪ ಹೊತ್ತು, ಅಷ್ಟು ಹೊತ್ತು ತಾವೇ ಸೇತುವೆಯ ಮೇಲೆ ನಿಂತು ಕಣ್ಣಿನಿಂದಲೇ ಹೊಳೆ ನೋಡುವುದಾಗಿ ಹೇಳಿದರು ಸೀತಾಪತಿಗಳು. ಕೊನೆಗೆ ಮುಂದಿನ ಮಳೆಗಾಲಕ್ಕೆ ಇತ್ಯರ್ಥವಾದದ್ದು ಇಷ್ಟು: ಬುಧವಾರ ನಾಲ್ಕನೇ ಬೀದಿ, ಭಾನುವಾರ ಏಳನೇ ಬೀದಿ. ಉಳಿದ ದಿನ ಮೊದಲಿನ ಹಾಗೆ ಐದೇ. ಭಾನುವಾರ ಏಳನೇ ಬೀದಿಯವರು ಹೇಗೂ ಊಟ ಮಾಡಿ ಮಲಗುವವರೇ ಎಂದು ಊರಿನಲ್ಲಿ ನಕ್ಕರು. ಐದನೇ ಬೀದಿಯಲ್ಲಿ ಯಾರೂ ನಗಲಿಲ್ಲ. ಕೊಟ್ಟಷ್ಟನ್ನು ತೆಗೆದುಕೊಂಡರು.

ಈಗ ನನ್ನ ಒಲೆಗೂ ಒಂದು ಮಳೆಗಾಲ ಕಳೆದಿದೆ. ಐದರ ಸುಸ್ತು ನನ್ನದೂ ಆಗಿದೆ. ಇದನ್ನು ಹೇಳುವಾಗಲೂ ನಡುನಡುವೆ ನಿಲ್ಲಿಸಿ ಸುಧಾರಿಸಿಕೊಂಡಿದ್ದೇನೆ. ಸೋಮವಾರ ಕೊಡ ಎತ್ತುವಾಗ, ಗುರುವಾರ ಬಟ್ಟೆ ಹಿಂಡುವಾಗ, ಏಳನೇ ಬೀದಿಯಲ್ಲಿ ಕಳೆದ ವರ್ಷಗಳೆಲ್ಲ ಯಾರದೋ ಬದುಕು ಎನ್ನಿಸುತ್ತದೆ.

ಈ ಮಳೆಗಾಲದ ಮೊದಲ ಭಾನುವಾರ ಬೆಳಿಗ್ಗೆ ಜಿನುಗು ಮಳೆ ಹಿಡಿದಿತ್ತು. ಯಂತ್ರದ ಮನೆಯ ಧ್ವನಿವರ್ಧಕ ಏಳನೇ ಬೀದಿಗೆ ಎಚ್ಚರಿಕೆ ಹೇಳಿತು. ಸ್ವಲ್ಪ ಹೊತ್ತಿಗೆ ನಮ್ಮ ಭುಜಗಳಿಂದ ಭಾರ ಇಳಿಯಿತು. ಬೀದಿಯಲ್ಲಿ ಬಾಗಿಲುಗಳು ತೆರೆದವು. ಯಾರೋ ಹಾಡಿಕೊಂಡರು, ಯಾರೋ ಹಗ್ಗದ ರಾಟೆ ಹೊರಗೆ ತಂದಿಟ್ಟರು. ಮಂದಾ ಬೆಳಗಿನ ಕೆಲಸವನ್ನೆಲ್ಲ ಚಕಚಕನೆ ಮುಗಿಸಿದಳು. ದೋಸೆ ಹೊಯ್ದಳು, ಅಂಗಳ ತೊಳೆದಳು, ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದಳು. ಮಧ್ಯಾಹ್ನ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಚಾಪೆ ಹಾಸಿಕೊಂಡಳು.

"ಇವತ್ತಾದರೂ ಎದ್ದು ಓಡಾಡೇ, ಪೇಟೆಗೆ ಹೋಗಿ ಬರೋಣ" ಎಂದೆ.

"ಬೇಡ ಅಕ್ಕ. ನಿದ್ದೆ ಬರ್ತಿದೆ."

"ಇವತ್ತೂನಾ?"

ಅವಳು ಮಗ್ಗುಲಾಗಿ, ಕೈಯನ್ನು ತಲೆಯಡಿಗೆ ಇಟ್ಟುಕೊಂಡು ನಕ್ಕಳು. "ಇಷ್ಟು ದಿನ ಹೊಳೆಯ ನಿದ್ದೆ ಮಾಡ್ತಿದ್ದೆ. ಇದು ಅಂಗಳ ತೊಳೆದಿದ್ದಕ್ಕೆ ಬಂದ ನಿದ್ದೆ ಅಕ್ಕ. ಇದು ನಂದು. ಎಬ್ಬಿಸಬೇಡ."

ನಾನು ಎಬ್ಬಿಸಲಿಲ್ಲ. ಮಗು ಅವಳ ಜಡೆ ಎಳೆಯಲು ಹೋಯಿತು, ಎತ್ತಿಕೊಂಡು ಜಗುಲಿಗೆ ಬಂದು ಕೂತೆ.